ಮಲಗಿಸುವ ಹಾಲು

ಇವತ್ತು ಬೆಳಿಗ್ಗೆ ಚಾಪೆಗಳನ್ನು ಕೊಡವಿ ಹಾಸಿದೆ, ಹೆಸರುಬೇಳೆ ತೊಳೆದಿಟ್ಟೆ, ಮಕ್ಕಳ ಲೋಟಗಳನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದೆ, ಬಿಸಿಲೇರುವ ಮೊದಲು ಅವರನ್ನು ಪಾರ್ಕಿಗೆ ಕರೆದುಕೊಂಡು ಹೋಗಿ ಚೆಂಡಿನ ಹಿಂದೆ ಓಡಿಸಿದೆ — ಇದೆಲ್ಲದರ ನಡುವೆ, ಪೂರ್ಣಿಮಾ, ನಿಮಗೆ ಹೇಳಿದ ಸುಳ್ಳನ್ನೇ ನೆನೆಯುತ್ತಿದ್ದೆ. ನಿಮ್ಮ ತಾನ್ವಿಯನ್ನು ಆ ಪಾಟಿ ದಪ್ಪ ಮಾಡಿದವಳು ನಾನು.

ಅವಳಿನ್ನೂ ಪುಟ್ಟ ಮಗುವಾಗಿದ್ದಾಗಿನ ಮಾತು. ಮಯೂರ್ ವಿಹಾರ್‌ನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆಗಷ್ಟೇ ಡೇಕೇರ್ ಶುರುಮಾಡಿದ್ದೆ. ನೋಯ್ಡಾದ ಆಫೀಸಿಗೆ ಹೊರಟ ಅವಸರದಲ್ಲಿ ನೀವು ಮಗುವನ್ನು ನನ್ನ ತೋಳಿಗೆ ಕೊಟ್ಟು, "ನಮ್ಮ ಕಡೆಯವರ ಹತ್ರ ಬಿಟ್ಟಿದೀನಿ, ಇನ್ನು ಚಿಂತೆ ಇಲ್ಲ ಆಂಟಿ" ಅನ್ನುತ್ತಿದ್ದಿರಿ. ಮಧ್ಯಾಹ್ನ ಅವಳು ಮಲಗುತ್ತಿರಲಿಲ್ಲ. ಅವಳು ಅತ್ತರೆ ಉಳಿದವರೂ ಏಳುತ್ತಿದ್ದರು. ಒಂದು ದಿನ ಹಾಲಿಗೆ ಸಕ್ಕರೆ ಸುರಿದು, ಬಿಸ್ಕತ್ತು ಕದಡಿ ಕುಡಿಸಿದೆ — ಮಲಗಿಬಿಟ್ಟಳು. ಆಮೇಲೆ ಅದೇ ರೂಢಿಯಾಯಿತು. ಎದ್ದರೆ ಇನ್ನೊಂದು ಲೋಟ. ಪಾರ್ಕಿಗೆ ಹೋಗಲು ನನಗೆ ಬೇಸರ, ಟಿವಿ ಹಾಕಿಬಿಡುತ್ತಿದ್ದೆ. ಕೆನ್ನೆ ತುಂಬಿಕೊಂಡಾಗ ನೀವೇ ಹಿಗ್ಗಿ, "ಆಂಟಿ ಕೈಗುಣ" ಅಂದಿರಿ. ಆ ಮಾತು ನನಗೆ ಎಷ್ಟು ಹಿತವಾಗಿತ್ತೆಂದರೆ —

ಅವಳಿಗೆ ನಾಲ್ಕು ತುಂಬುವಷ್ಟರಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು. ಮಕ್ಕಳು "ಮೋಟೂ, ಚಲ್ ನಾ!" — ದಪ್ಪಿ, ಬಾರೇ — ಎಂದು ಅವಳನ್ನು ಬಿಟ್ಟು ಓಡುತ್ತಿದ್ದರು. ಡಾಕ್ಟರು ಗದರಿದ ಸಂಜೆ ನೀವು ಬಾಗಿಲಲ್ಲೇ ನಿಂತು ಕೇಳಿದಿರಿ: "ಇಲ್ಲಿ ಸಿಹಿ ಏನಾದ್ರೂ ಕೊಡ್ತೀರಾ ಆಂಟಿ? ಬೇಜಾರು ಮಾಡ್ಕೋಬೇಡಿ."

"ಅಯ್ಯೋ, ಇಲ್ಲಮ್ಮ. ಮನೇಲಿ ಕದ್ದು ತಿಂತಾಳೋ ಏನೋ, ನೋಡಿ."

ಇಷ್ಟೇ ಹೇಳಿದ್ದು. ತಾನ್ವಿ ನನ್ನ ಸೆರಗು ಹಿಡಿದು ನಿಂತಿದ್ದಳು. ಹಾಲಿನ ವಿಷಯ ಮಮ್ಮಿಗೆ ಹೇಳಬೇಡ ಎಂದು ನಾನೇ ಕಲಿಸಿದ್ದೆ. ಅವಳು ಹೇಳಲಿಲ್ಲ.

ನೀವು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮೇಲಿನ ಅಟ್ಟಕ್ಕೆ ಏರಿಸಿದಿರಿ. ರಾತ್ರಿಗೆ ಒಂದೇ ಫುಲ್ಕಾ. ಒಂದು ಸಂಜೆ "ಕಳ್ಳಿ, ಎಲ್ಲಿ ತಿಂದೆ ಹೇಳು" ಎಂದು ಹೊಡೆದೂಬಿಟ್ಟಿರಿ — ಮರುದಿನ ನೀವೇ ಅಳುತ್ತಾ ನನಗೆ ಹೇಳಿದ್ದು. ನಾನು ಸಮಾಧಾನ ಮಾಡಿ ಚಹಾ ಕೊಟ್ಟೆ! ಆ ಮಧ್ಯಾಹ್ನವೂ ಲೋಟ ಹಿಡಿದು ಹೋದೆ. ತಾನ್ವಿ ಕುಡಿದು, ತುಟಿ ಒರೆಸಿಕೊಂಡು, ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಆಂಟಿ, ಮೈನೇ ನಹೀಂ ಬತಾಯಾ." ನಾನು ಹೇಳಲಿಲ್ಲ ಆಂಟಿ — ಅಂತ.

ಆಮೇಲೆ ನೀವು ಪೀತಮ್‌ಪುರಕ್ಕೆ ಮನೆ ಬದಲಿಸಿದಿರಿ. ಮೊನ್ನೆ ಫೋನಿನಲ್ಲಿ ನಗುತ್ತಲೇ ಅಂದಿರಿ, "ಎಂಟನೇ ಕ್ಲಾಸು ಆಂಟಿ, ಈಗ್ಲೂ ಯಾರ ಎದುರಿಗೂ ಊಟ ಮಾಡಲ್ಲ ನಮ್ಮ ಕಳ್ಳಿ."

ಅವಳು ಕದ್ದಿರಲಿಲ್ಲ, ಪೂರ್ಣಿಮಾ. ನನ್ನನ್ನು ಕಾಯ್ದಳು, ಅಷ್ಟೇ. ಭಾನುವಾರ ಬಂದು ಅವಳೆದುರೇ ಇದನ್ನು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಬಾಗಿಲು ಹಾಕಿಕೊಂಡರೆ ಹೊರಗಿನಿಂದಲೇ ಹೇಳುತ್ತೇನೆ.

ಇವತ್ತು ಮಧ್ಯಾಹ್ನ ಮಕ್ಕಳು ಹೆಸರುಬೇಳೆ ಖಿಚಡಿ, ಸೌತೆಕಾಯಿ ತಿಂದರು. ಹೊಸದಾಗಿ ಬಂದ ಪುಟ್ಟಿ ಒಂದೇ ಸಮನೆ ಅತ್ತಳು. ಎತ್ತಿಕೊಂಡು ಓಡಾಡಿದೆ, ಭುಜ ಸೋತುಹೋಯಿತು. ಎಲ್ಲರೂ ಮಲಗಿದ ಮೇಲೆ ಅವಳು ಮಲಗಿದಳು. ಆ ಕಾಲದಲ್ಲಿ ದಿನವೂ ಆ ಹಾಲು ಕುಡಿದು ಎಲ್ಲರಿಗಿಂತ ಮೊದಲು ಮಲಗುತ್ತಿದ್ದವಳು — ನಿಮ್ಮ ತಾನ್ವಿ.