ಹೇಳಿ ಹೋಗಲು ಅಪ್ಪನನ್ನು ಹುಡುಕಿದ್ದು

ಮೊನ್ನೆ ಬೆಳಿಗ್ಗೆ ನಮ್ಮ ವಿಜಯಪುರದ ಓಣಿಯೊಳಗೆ ಒಂದು ಕುರಿ ಹಿಂಡು ಹೊಕ್ಕಿತು. ಬೈಪಾಸ್ ರಸ್ತೆ ಹಿಡಿದು ಹೋಗಬೇಕಾದದ್ದು ಏನು ತಿಳಿದು ಇತ್ತ ತಿರುಗಿತೋ. ಎರಡು ಕಾರು, ಒಂದು ಹಾಲಿನ ಗಾಡಿ ಅದರ ನಡುವೆ ಸಿಕ್ಕುಬಿದ್ದು ಹಾರ್ನ್ ಹೊಡೆಯತೊಡಗಿದವು. ಎದುರು ಮನೆಯಾಕೆ ಮೂಗಿಗೆ ಸೆರಗು ಹಿಡಿದು ಕಿಟಕಿ ಮುಚ್ಚಿಕೊಂಡರು. ನಾನು ತೆರೆದೆ. ಉಣ್ಣೆ, ಹಿಕ್ಕೆ, ಧೂಳು ಎಲ್ಲ ಕೂಡಿದ ಆ ವಾಸನೆಯನ್ನು ನೀವು ನಾತ ಅಂದರೆ ನಾನೇನೂ ಜಗಳಕ್ಕೆ ಬರುವುದಿಲ್ಲ. ಆದರೆ ನನ್ನ ತವರುಮನೆಗೆ ಅದನ್ನು ಬಿಟ್ಟು ಬೇರೆ ವಾಸನೆ ಇರಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ಮನೆಯೇ ಇರಲಿಲ್ಲ.

ನನ್ನ ಅಪ್ಪ ಸಿದ್ದಪ್ಪ, ನನ್ನ ಅವ್ವ, ಇಬ್ಬರೂ ವರ್ಷದ ಒಂಬತ್ತು ತಿಂಗಳು ಕುರಿಗಳ ಹಿಂದೆ ನಡೆಯುವವರು. ಜೋಳದ ಸುಗ್ಗಿ ಮುಗಿದ ಹೊಲಗಳಲ್ಲಿ ಒಂದೆರಡು ರಾತ್ರಿ ಕುರಿ ತಂಗಿಸುವುದು, ಗೊಬ್ಬರವಾಯಿತೆಂದು ಹೊಲದವರು ಕೊಟ್ಟ ಕಾಳು ಕಟ್ಟಿಕೊಳ್ಳುವುದು, ಮುಂದಿನ ಊರಿಗೆ ಹೊರಡುವುದು. ಗುಡಾರ, ಪಾತ್ರೆ, ಕೋಳಿ ಬುಟ್ಟಿ ಎಲ್ಲವನ್ನೂ ಒಂದು ಕುಂಟು ಕುದುರೆ ಹೊರುತ್ತಿತ್ತು. ಹೀಗಾಗಿ ನಾಲ್ಕು ತಾಲೂಕಿನಲ್ಲಿ ಅಪ್ಪನಿಗೆ ಕುಂಟ ಕುದುರಿ ಸಿದ್ದಪ್ಪ ಎಂದೇ ಹೆಸರು. ನನ್ನನ್ನು ಮಾತ್ರ ಆರನೇ ವಯಸ್ಸಿಗೆ ಝಳಕಿಯಲ್ಲಿ ತನ್ನ ಅಕ್ಕ ನಾಗವ್ವತ್ತೆಯ ಹತ್ತಿರ ಸಾಲಿ ಕಲಿಯಲು ಬಿಟ್ಟಿದ್ದ. ಅತ್ತೆ ಸೊಲ್ಲಾಪುರ ರಸ್ತೆಯ ಮೇಲೆ ಚಾದಂಗಡಿ ಇಟ್ಟಿದ್ದಳು. ಗಂಡ ತೀರಿಕೊಂಡ ಮೇಲೆ ಲಾರಿ ಡ್ರೈವರುಗಳಿಗೆ ಚಾ ಕೊಡುತ್ತ, ಅವರನ್ನು ಬೈಯುತ್ತ, ನನ್ನನ್ನು ಇಂಡಿ ಊರಿನ ಹೈಸ್ಕೂಲಿಗೂ ಆಮೇಲೆ ಸೊಲ್ಲಾಪುರಕ್ಕೆ ನರ್ಸಿಂಗ್ ಕಲಿಯಲಿಕ್ಕೂ ಕಳಿಸಿದವಳು ಆಕೆಯೇ.

ಎಪ್ಪತ್ತರ ದಶಕದ ನಡುವಿನ ಮಾತಿದು. ಇರಾನಿನ ದವಾಖಾನೆಗಳಿಗೆ ನಮ್ಮ ದೇಶದ ನರ್ಸುಗಳು ಬೇಕಾಗಿದ್ದರು. ಸೊಲ್ಲಾಪುರದಿಂದ ನಾವು ಮೂವರು ಅರ್ಜಿ ಹಾಕಿದೆವು, ಮೂವರೂ ಆಯ್ಕೆಯಾದೆವು. ಒಂಬತ್ತು ದಿನದಲ್ಲಿ ಮುಂಬಯಿಯಿಂದ ವಿಮಾನ. ಉಳಿದಿಬ್ಬರು ಅವತ್ತೇ ಅಂಚೆ ಕಚೇರಿಗೆ ಹೋಗಿ ತಂತಮ್ಮ ಊರಿಗೆ ತಾರು ಕೊಟ್ಟು ಬಂದರು. ನಾನು ಕೈಯಲ್ಲಿ ಫಾರ್ಮು ಹಿಡಿದುಕೊಂಡು ಕೌಂಟರಿನ ಮುಂದೆ ನಿಂತೇ ಇದ್ದೆ. ವಿಳಾಸದ ಜಾಗದಲ್ಲಿ ಏನೆಂದು ಬರೆಯಲಿ? ನಡೆಯುತ್ತಿರುವ ಕುರಿ ಹಿಂಡಿಗೆ ತಾರು ತಲುಪಿಸುವ ಅಂಚೆಯವನು ಇನ್ನೂ ಹುಟ್ಟಿರಲಿಲ್ಲ.

ಮರುದಿನ ಝಳಕಿಗೆ ಬಂದು ಅತ್ತೆಗೆ ವಿಷಯ ಹೇಳಿದೆ. ಆಕೆ ಕುದಿಯುವ ಚಾದ ಪಾತ್ರೆ ಇಳಿಸಿ, ನನ್ನ ಮುಖ ನೋಡಿ, "ಇಮಾನದಾಗ ಹೋಗ್ತಿಯೇನು?" ಎಂದಳು. ಹೌದೆಂದೆ. ಆಕೆ ಅಂಗಡಿಯಲ್ಲಿ ಕೂತವರಿಗೆಲ್ಲ ಆ ಸಲದ ಚಾ ಪುಕ್ಕಟೆ ಎಂದು ಸಾರಿ, ಬೆಂಕಿ ಆರಿಸಿ, ಬಾಗಿಲು ಹಾಕಲು ಎದ್ದಳು. "ನಡಿ, ನಿಮ್ಮಪ್ಪನ್ನ ಹುಡುಕೂಣು. ಹೇಳದ ಹೋದ್ರ ಆ ಕುರುಬ ಮುಂದಿನ ಜನ್ಮದಾಗೂ ನನ್ನ ಜೋಡಿ ಮಾತಾಡೂದಿಲ್ಲ."

ಹದಿನೈದು ದಿನದ ಹಿಂದೆ ಇಂಡಿ ದಾಟಿ ಸಿಂದಗಿ ದಾರಿಯಲ್ಲಿ ಕುಂಟು ಕುದುರೆಯನ್ನು ಕಂಡೆ ಎಂದು ಒಬ್ಬ ಲಾರಿ ಡ್ರೈವರು ಹೇಳಿದ. ಅಷ್ಟು ಸುಳಿವು ಸಾಕಾಯಿತು. ಒಂದು ಗಂಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಇಬ್ಬರೂ ಬಸ್ಸು ಹತ್ತಿದೆವು.

ಅತ್ತೆಯ ಜೊತೆ ಬಸ್ಸಿನಲ್ಲಿ ಹೋಗುವುದೆಂದರೆ ಡಂಗುರದವನ ಜೊತೆ ಹೋದಂತೆ. ಝಳಕಿಯಲ್ಲಿ ಬಸ್ಸು ಹತ್ತುವಾಗ ನಾನು ನರ್ಸಾಗಿದ್ದೆ. ಇಂಡಿಯಲ್ಲಿ ಇಳಿಯುವಾಗ ದೊಡ್ಡ ನರ್ಸಾಗಿದ್ದೆ. ಸಿಂದಗಿ ಬರುವಷ್ಟರಲ್ಲಿ ಡಾಕ್ಟರು. ಅಲ್ಲಿಂದ ಮುಂದೆ ಕಂಡಕ್ಟರನಿಗೆ, "ಇರಾಣದ ರಾಜನ ಮನಿಯಾಗ ಯಾರಿಗೋ ಆರಾಮಿಲ್ಲಂತ್ರಿ, ನಮ್ಮ ಹುಡುಗೀನ ಕರಿಯಾಕತ್ತಾರ" ಎಂದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ನಾಚಿಕೆಯಾಗುತ್ತಿತ್ತು. ಆದರೆ ಒಳಗೊಳಗೇ, ಸುಳ್ಳು ಹೇಳಲಾರೆ, ಇನ್ನಷ್ಟು ಹೇಳಲಿ ಅನಿಸುತ್ತಿತ್ತು. ಇಪ್ಪತ್ಮೂರರ ಹುಡುಗಿ, ಹೊಸ ಪಾಸ್‌ಪೋರ್ಟು ಕುಪ್ಪಸದೊಳಗೆ ಚುಚ್ಚುತ್ತಿತ್ತು, ಅದನ್ನು ಬ್ಯಾಗಿನಲ್ಲಿಡಲು ಧೈರ್ಯವಿರಲಿಲ್ಲ.

ಇಂಡಿಯಲ್ಲಿ ಒಂದು ತಾಸು ಇಳಿದು ನನ್ನ ಹೈಸ್ಕೂಲಿನ ಗೆಳತಿ ಶಾಂತಾಳ ಮನೆಗೆ ಹೋದೆ. ಮದುವೆಯಾಗಿ ಬಸ್‌ಸ್ಟ್ಯಾಂಡಿನ ಹಿಂದೆಯೇ ಇದ್ದಳು. ಸುದ್ದಿ ಕೇಳಿ ನನ್ನನ್ನು ಕೂಡಿಸಿಕೊಂಡು ಸಾಲಿಯ ದಿನಗಳಂತೆ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. "ಇಮಾನದಾಗ ಕಿಡಕಿ ತಗಿಯಾಕ ಬರ್ತೈತೇನು?" ಎಂದು ಕೇಳಿದಳು. ಗೊತ್ತಿಲ್ಲವೆಂದೆ. "ಬರದಿದ್ರ ಹೊಟ್ಟಿ ತೊಳಸ್ತೈತಿ, ತಡಿ" ಎಂದು ಒಂದು ಡಜನ್ ನಿಂಬೆಹಣ್ಣು ಕಟ್ಟಿಕೊಟ್ಟಳು. ಅವಳ ಮನೆಯ ಹಿಂದೆ ನಿಂಬೆಯ ಗಿಡಗಳಿದ್ದವು. ಹೊರಡುವಾಗ ಬಾಗಿಲಲ್ಲಿ ನಿಂತು, ತಾನು ಮದುವೆಯಾದ ಮೇಲೆ ಸಿಂದಗಿಯನ್ನೂ ನೋಡಿಲ್ಲ ಎಂದು ನಗುತ್ತಲೇ ಹೇಳಿದಳು. ಆ ನಗು ನನಗೆ ಅರ್ಥವಾಗಲು ವಯಸ್ಸಾಗಬೇಕಾಯಿತು.

ಸಿಂದಗಿಯಲ್ಲಿ ಸುಳಿವು ತಪ್ಪಿತು. ಸಂತೆಗೆ ಬಂದಿದ್ದ ಒಬ್ಬ ರೈತ, "ನಮ್ಮ ಹೊಲದಾಗ ಎರಡು ರಾತ್ರಿ ಇದ್ರು. ಮೇವು ಮುಗೀತು, ಬಾಗೇವಾಡಿ ಕಡೆ ಇಳಿದ್ರು. ಅದರ ಮುಂದ ನನಗ ಗೊತ್ತಿಲ್ರಿ" ಎಂದ. ಆಗ ಅತ್ತೆ ನಾನು ಎರಡು ದಿನದಿಂದ ಹೆದರುತ್ತಿದ್ದ ಮಾತನ್ನು ಆಡಿದಳು. "ಇನ್ನ ಮಾಳಪ್ಪಗ ಕೇಳಬೇಕು. ಅವಗ ಗೊತ್ತಿರತೈತಿ."

ಮಾಳಪ್ಪ ನನ್ನ ಅವ್ವನ ತಮ್ಮ, ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ಹೂವಿನ ಹಿಪ್ಪರಗಿಯಲ್ಲಿ ನಾಲ್ಕೆಕರೆ ಹೊಲ ಮಾಡಿಕೊಂಡಿದ್ದ. ನಮ್ಮ ಕಡೆ ಸ್ವಾದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ಹೊಸದೇನಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ಯಾರೋ ಆಡಿದ ಮಾತು ಬೆಳೆಯುತ್ತ ಬಂದು, ಎಲ್ಲರಿಗೂ ಆಗಿಹೋದ ಸಂಗತಿಯಂತೆ ಅನಿಸಿಬಿಟ್ಟಿತ್ತು. ಪ್ರತಿ ಪಂಚಮಿಗೆ ಅವನು ಝಳಕಿಗೆ ಉಂಡಿ ತರುತ್ತಿದ್ದ. ಡ್ರೈವರುಗಳು "ನಿನ್ನ ಗಂಡ ಬಂದ ನೋಡು" ಎಂದು ಕಾಡುತ್ತಿದ್ದರು. ನನ್ನ ಕಲಿಕೆ ಮುಗಿಯಲೆಂದು ಅವನು ಸುಮ್ಮನೆ ಕಾದಿದ್ದ. ಅವನು ಒಳ್ಳೆಯವನಲ್ಲ ಎಂದು ಹೇಳಲು ಒಂದು ಕಾರಣ ಸಿಕ್ಕಿದ್ದರೆ ನನಗೆಷ್ಟು ಅನುಕೂಲವಾಗುತ್ತಿತ್ತೋ. ಸಿಗಲಿಲ್ಲ.

ನಾವು ಹಿಪ್ಪರಗಿ ಮುಟ್ಟಿದಾಗ ಅವನು ಕಣದಲ್ಲಿ ರಾಶಿ ಮಾಡುತ್ತಿದ್ದ. ಎತ್ತರದಲ್ಲಿ ನಿಂತು ಮೊರದಿಂದ ಜೋಳ ತೂರುತ್ತಿದ್ದ. ಅತ್ತೆ ಉಪಾಯವಾಗಿ ನೀರು ಕುಡಿಯುವ ನೆಪ ಮಾಡಿ ಗಿಡದ ಕಡೆ ಹೋದಳು. "ಮಾವ, ನಿನ್ನ ಜೋಡಿ ಮಾತಾಡೂದೈತಿ" ಎಂದೆ.

"ಮಾತಾಡು. ಗಾಳಿ ಐತಿ, ಬಿಟ್ರ ಮತ್ತ ಸಿಗೂದಿಲ್ಲ" ಎಂದ, ಕೈ ನಿಲ್ಲಿಸದೆ.

ಹೀಗೆ ನನ್ನ ಬದುಕಿನ ದೊಡ್ಡ ಮಾತನ್ನು ನಾನು ತಲೆಯ ಮೇಲೆ ಹೊಟ್ಟು ಸುರಿಸಿಕೊಳ್ಳುತ್ತ ಆಡಬೇಕಾಯಿತು. ಇರಾನಿಗೆ ಹೊರಟಿದ್ದೇನೆ, ಎರಡು ವರ್ಷದ ಕರಾರು, ಆಮೇಲೂ ಮುಂದುವರಿಯಬಹುದು, ಎಂದೆ. ಅವನು ಒಂದು ಮೊರ ಪೂರ್ತಿ ಖಾಲಿ ಮಾಡಿ ಕೆಳಗಿಳಿದ.

"ಲಗ್ನ ಬ್ಯಾಡೇನು, ನಾ ಬ್ಯಾಡೇನು? ಸೀದಾ ಹೇಳು."

"ನೀ ನನಗ ಮಾವ ಇದ್ದಿ. ಮಾವ ಆಗೇ ಇರು" ಎಂದೆ.

ಅವನು ತಲೆಗೆ ಸುತ್ತಿದ ಟವೆಲು ಬಿಚ್ಚಿ ಮುಖ ಒರೆಸಿಕೊಂಡ. "ಆತು ಬಿಡು" ಎಂದ. ಆಮೇಲೆ ಪಕ್ಕದ ಕಣದವನಿಗೆ ರಾಶಿ ನೋಡಿಕೊಳ್ಳಲು ಹೇಳಿ, ಕೈಕಾಲು ತೊಳೆದು, ಒಗೆದ ಅಂಗಿ ಹಾಕಿಕೊಂಡು ಬಂದ. "ತಂಗಡಗ್ಯಾಗ ಅದಾರ, ಹೊಳಿ ದಂಡಿ ಮ್ಯಾಲ. ನಿಮಗಿಬ್ಬರಿಗೆ ಸಿಗೂದಿಲ್ಲ. ನಾನೂ ಬರ್ತೇನಿ."

ಮುದ್ದೇಬಿಹಾಳದವರೆಗೆ ಬಸ್ಸು. ಅಲ್ಲಿಂದ ತಂಗಡಗಿಗೆ ಹತ್ತಿ ಹೇರಿದ ಚಕ್ಕಡಿ ಸಿಕ್ಕಿತು. ಮೂವರೂ ಹತ್ತಿಯ ಮೇಲೆ ಕೂತೆವು. ಮಾವ ದಾರಿಯುದ್ದಕ್ಕೂ ವಿಮಾನ ಎಷ್ಟು ಮೇಲೆ ಹಾರುತ್ತದೆ, ಇರಾನಿನಲ್ಲಿ ಯಾವ ಭಾಷೆ ಎಂದೆಲ್ಲ ಕೇಳುತ್ತ ಬಂದ. ಅತ್ತೆ ಎಲ್ಲದಕ್ಕೂ ನನಗಿಂತ ಮೊದಲೇ ಉತ್ತರ ಕೊಟ್ಟಳು.

ಹೊತ್ತು ಇಳಿಯುವಾಗ ಕೃಷ್ಣೆಯ ದಂಡೆಯಲ್ಲಿ ಹಿಂಡು ಕಂಡಿತು. ಅಪ್ಪ ದೂರದಿಂದಲೇ ಗುರುತು ಹಿಡಿದು ಕೋಲು ಎತ್ತಿದ. ಅವ್ವ ಓಡಿ ಬಂದು ನನ್ನ ಕೆನ್ನೆ ಸವರಿ, ಲಟಿಕೆ ಮುರಿದು, ತಮ್ಮನನ್ನೂ ಕಂಡು ಮುಖ ಅರಳಿಸಿದಳು. ಮೂವರೂ ಒಟ್ಟಿಗೆ ಬಂದಿದ್ದೇವೆಂದರೆ ಲಗ್ನದ ದಿನ ಗೊತ್ತು ಮಾಡಲಿಕ್ಕೇ ಎಂದು ಅವರು ತಿಳಿದದ್ದರಲ್ಲಿ ತಪ್ಪೇನಿತ್ತು? ನುಚ್ಚು, ಮಜ್ಜಿಗೆ ತಾಟಿಗೆ ಬೀಳುವ ಮೊದಲೇ ಅಪ್ಪ ಆ ಮಾತು ತೆಗೆದ.

ನಾನು ಬಾಯಿ ತೆರೆಯುವುದರೊಳಗೆ ಮಾಳಪ್ಪ ಮಾವ ಹೇಳಿಬಿಟ್ಟ. "ನನಗ ಈ ಲಗ್ನ ಬ್ಯಾಡ್ರಿ. ನಾ ಬ್ಯಾರೆ ಕಡೆ ಮಾತು ಕೊಟ್ಟೇನಿ. ಹುಡುಗಿಗೆ ಇರಾಣದಾಗ ನೌಕರಿ ಆಗೈತಿ, ಕಳಿಸಿಕೊಡ್ರಿ."

ನನಗೂ ಅತ್ತೆಗೂ ಅದು ಸುಳ್ಳೆಂದು ಗೊತ್ತು. ಅಪ್ಪನಿಗೆ ಗೊತ್ತಿಲ್ಲ. ಅವನು ತಾಟು ಸರಿಸಿ ಎದ್ದ. ಅವ್ವ ಅಳುತ್ತ, "ಇಪ್ಪತ್ತು ವರ್ಷ ಆಸೆ ಹಚ್ಚಿ ಈಗ ನನ್ನ ಮಗಳ್ನ ಬಿಡತಿಯೇನೋ? ಇನ್ನ ಮ್ಯಾಲ ನನ್ನ ಗುಡಾರದ ಕಡೆ ಬರಬ್ಯಾಡ" ಎಂದು ತಮ್ಮನನ್ನು ಬೈದಳು. ಅವನು ತಲೆ ತಗ್ಗಿಸಿ ಕೂತಿದ್ದ.

ಈಗ ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ: ನಾನು ಸುಮ್ಮನಿದ್ದೆ. ದಾರಿ ತೆರೆದಿತ್ತು. ಅಪ್ಪನ ಸಿಟ್ಟು ಅವನ ಮೇಲೆ ಹೋಗುತ್ತದೆ, ನಾನು ನಿರಾಳವಾಗಿ ವಿಮಾನ ಹತ್ತುತ್ತೇನೆ ಎಂಬ ಲೆಕ್ಕ ತಲೆಯಲ್ಲಿ ಓಡಿತು. ಆದರೆ ಅವ್ವ ನಮಗೆಲ್ಲ ನೀಡಿ ಮಾವನ ತಾಟನ್ನು ಹಾಗೇ ಖಾಲಿ ಬಿಟ್ಟಳು. ಬೆಳಿಗ್ಗೆಯಿಂದ ಕಣದಲ್ಲಿ ದುಡಿದು ಬಂದವನು. ಅವನು ಅದನ್ನು ನೋಡಿಯೂ ನೋಡದಂತೆ ಹೊಳೆಯ ಕಡೆ ಮುಖ ಮಾಡಿದ. ಆಗ ನನಗೆ ತಡೆಯಲಾಗಲಿಲ್ಲ.

"ಯಪ್ಪಾ, ಮಾವ ಸುಳ್ಳು ಹೇಳಾಕತ್ತಾನ. ಬ್ಯಾಡ ಅಂದಾಕಿ ನಾನು. ಬೈಯೂದಿದ್ರ ನನಗ ಬೈ."

ಅಪ್ಪ ಬಹಳ ಹೊತ್ತು ಕುರಿಗಳ ನಡುವೆ ತಿರುಗಾಡಿ, ಕುಂಟು ಕುದುರೆಯ ಹಗ್ಗ ಬಿಗಿ ಮಾಡಿ, ಬಂದು ನನ್ನೆದುರು ಕುಕ್ಕುರುಗಾಲಲ್ಲಿ ಕೂತ.

"ಅಲ್ಲಿ ನಿನ್ನ ಗುರುತಿನವರು ಯಾರರ ಅದಾರೇನು?"

"ಇಲ್ಲಪ್ಪ."

"ಅಂಜಿಕಿ ಬರೂದಿಲ್ಲೇನು?"

"ಬರತೈತಿ. ಆದ್ರ ಹೋಗಬೇಕು ಅನಸತೈತಿ."

ಅಪ್ಪ ನಕ್ಕ. ಆ ನಗುವನ್ನು ನಾನು ನಿರೀಕ್ಷಿಸಿರಲಿಲ್ಲ. "ನಾ ಹುಟ್ಟಿದಾಗಿಂದ ಒಂದು ಕಡೆ ಕುಂತಾವಲ್ಲ. ನಿನಗ ಕೂಡು ಅಂತ ಯಾವ ಬಾಯಿಲೆ ಹೇಳಲಿ?" ಎಂದ. ಆಮೇಲೆ ಅವ್ವನ ಕಡೆ ತಿರುಗಿ, "ಏ, ನಿನ್ನ ತಮ್ಮಗ ನೀಡು. ಹಸದಾನ" ಎಂದ.

ಅವ್ವ ಮಾವನ ತಾಟಿಗೆ ಎರಡು ಸಲ ನೀಡಿದಳು. ಆಮೇಲೆ ನನ್ನನ್ನು ಮಗ್ಗುಲಿಗೆ ಎಳೆದುಕೊಂಡು, "ಅಲ್ಲಿ ಜ್ವಾಳ ಸಿಗತೈತೇನು?" ಎಂದು ಕೇಳಿದಳು. ಗೋಧಿಯಂತೆ ಎಂದೆ. ಇರಾನಿನ ಬಗ್ಗೆ ಅವಳಿಗೆ ಕೊನೆಯವರೆಗೂ ಉಳಿದ ದೂರು ಅದೊಂದೇ.

ಬೆಳಿಗ್ಗೆ ಅಪ್ಪ ನನ್ನ ಹಣೆಗೆ ದೇವರ ಭಂಡಾರದ ಅರಿಶಿನ ಹಚ್ಚಿದ. ಊರಿಗೆ ಹೋಗುವವರನ್ನು ಮನೆಯವರು ಊರ ಅಗಸೆಬಾಗಿಲಿನವರೆಗೆ ಬಂದು ಕಳಿಸುವುದು ಪದ್ಧತಿ. ನಮ್ಮಲ್ಲಿ ಅದು ತಿರುಗಾಮುರುಗಾ ಆಯಿತು. ಆ ಹೊಲದ ಮೇವು ಮುಗಿದಿತ್ತು, ಹಿಂಡು ಹೊರಡಲೇಬೇಕಿತ್ತು. ದೂರದೇಶಕ್ಕೆ ಹೊರಟವಳು ನಾನು ಖಾಲಿ ಹೊಲದಲ್ಲಿ ನಿಂತು ಅಪ್ಪ ಅವ್ವನನ್ನು ಕಳಿಸಿಕೊಟ್ಟೆ. ಅವ್ವ ಮೂರು ಸಲ ಹಿಂತಿರುಗಿ ನೋಡಿದಳು. ಅಪ್ಪ ನೋಡಲಿಲ್ಲ, ನಡೆಯುವವನು ಹಿಂದೆ ನೋಡಬಾರದು ಎಂಬುದು ಅವನ ನೇಮ. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ನನಗೆ ಅಳು ಬರಲಿಲ್ಲ. ಧೂಳು ಇಳಿಯುವ ಮೊದಲೇ ನಾನು ಮುದ್ದೇಬಿಹಾಳದ ದಾರಿಗೆ ತಿರುಗಿದ್ದೆ. ಅತ್ತೆ, ಮಾವ ಇಬ್ಬರೂ ಹಿಂದೆ ಬಿದ್ದಿದ್ದರು.

ಇರಾನಿನಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿಯೂ ಸುಗ್ಗಿ, ಚಳಿ ನೋಡಿ ಕುರಿ ಹೊಡೆದುಕೊಂಡು ಬೆಟ್ಟ ಹತ್ತಿಳಿಯುವ ಜನರಿದ್ದರು. ಅವರ ಹೆಂಗಸರು ದವಾಖಾನೆಗೆ ಬಂದರೆ ಉಳಿದ ನರ್ಸುಗಳು ನನ್ನನ್ನೇ ಕಳಿಸುತ್ತಿದ್ದರು. ಇದನ್ನೆಲ್ಲ ಕಾಗದ ಬರೆಯುತ್ತಿದ್ದೆ. ವಿಳಾಸ ಹಿಪ್ಪರಗಿಯ ಮಾಳಪ್ಪನದು. ನಮ್ಮವರಲ್ಲಿ ಅಕ್ಷರ ಬರುವವನು, ಒಂದೇ ಊರಲ್ಲಿ ಇರುವವನು ಅವನೊಬ್ಬನೇ. ಅವನು ಪ್ರತಿ ಕಾಗದ ಹಿಡಿದುಕೊಂಡು ಹಿಂಡು ಎಲ್ಲಿದೆಯೋ ಹುಡುಕಿ ಹೋಗಿ ಅಪ್ಪ ಅವ್ವನಿಗೆ ಓದಿ ಹೇಳುತ್ತಿದ್ದ. ಅವನಿಗೆ ಮದುವೆಯಾಯಿತು, ಮಕ್ಕಳಾದವು. ನನಗೂ ತಡವಾಗಿ ಆಯಿತು. ಅಪ್ಪ, ಅವ್ವ, ಅತ್ತೆ ಮೂವರೂ ತಮ್ಮ ತಮ್ಮ ಹೊತ್ತಿಗೆ ಹೋದರು.

ಈ ಕಥೆಯನ್ನು ನಾನು ಎಷ್ಟೋ ಜನರಿಗೆ ನಗುತ್ತ ಹೇಳಿದ್ದೇನೆ. ಮೊನ್ನೆ ಹಿಂಡು ಹೋದ ಮೇಲೆ ಓಣಿಯನ್ನು ಯಾರೋ ನೀರು ಹಾಕಿ ತೊಳೆಯುತ್ತಿದ್ದಾಗ ತಲೆಗೆ ಹೊಳೆದದ್ದು ಬೇರೆ: ಆ ದಿನ ಮಾಳಪ್ಪ ಮಾವನಿಗೆ ಹೇಗಾಗಿತ್ತು ಎಂದು ಐವತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಫೋನು ಹಚ್ಚಿದೆ. ಎಂಬತ್ತು ದಾಟಿದ ದನಿ ಎತ್ತಿಕೊಂಡಿತು.

"ಮಾವ, ಅವತ್ತು ಕಣದಾಗ ನಾ ಬ್ಯಾಡ ಅಂದಾಗ ನಿನಗ ಭಾಳ ಕೆಟ್ಟನಿಸಿತ್ತೇನು?"

"ಅನಿಸಿತ್ತು ಬಿಡು" ಎಂದ ಮಾವ. "ಒಂದು ತಿಂಗಳು ಅನಿಸಿತ್ತು. ಆಮ್ಯಾಲ ನಿನ್ನ ಮೊದಲನೇ ಕಾಗದ ಬಂತು. ಅದನ್ನ ತಗೊಂಡು ನಿಮ್ಮಪ್ಪನ್ನ ಹುಡುಕೂದ್ರಾಗ ಹೊತ್ತು ಸಿಗಲಿಲ್ಲ."

ನಾನು ನಾಳೆ ಬರುತ್ತೇನೆಂದೆ. ಯಾಕೆಂದು ಅವನು ಕೇಳಲಿಲ್ಲ. ಬಾಗೇವಾಡಿಯಲ್ಲಿ ಇಳಿಯಬೇಡ, ಈಗ ಹಿಪ್ಪರಗಿಗೆ ನೇರ ಬಸ್ಸಿದೆ ಎಂದಷ್ಟೇ ಹೇಳಿದ. ಫೋನಿಟ್ಟು ಕಪಾಟಿನಿಂದ ಚೀಲ ಇಳಿಸಿಕೊಂಡೆ. ಒಂದೇ ದಿನದ ಪ್ರಯಾಣ, ಎರಡು ಸೀರೆ ಸಾಕು. ಆದರೂ ಮಡಿಚಿದ್ದನ್ನೇ ಮತ್ತೆ ಮಡಿಚುತ್ತ, ಬಸ್ಸಿನ ಹೊತ್ತನ್ನು ಮೂರು ಸಲ ಕೇಳಿ, ನಮ್ಮ ಮನೆಯವರಿಂದ ಬೈಸಿಕೊಂಡೆ.