ಹತ್ತರ ಕಾರ್ಡು, ಏಳರ ಕರೆನ್ಸಿ

ಬಾಯಿ ತುಂಬ ನೀರು ತುಂಬಿಕೊಂಡು ಅಂಗಿಯ ಮೇಲೆ ‘ಫುಸ್’ ಎಂದು ಸಿಂಪಡಿಸುವ ಸದ್ದು. ಹಿಂದೆಯೇ, ಕಾದ ಇಸ್ತ್ರಿಪೆಟ್ಟಿಗೆ ಬಟ್ಟೆಗೆ ತಾಕಿದಾಗ ಏಳುವ ಸಣ್ಣ ನಿಟ್ಟುಸಿರು. ಕೈರೋದಿಂದ ಉತ್ತರಕ್ಕಿರುವ ತಂತಾ ಊರಿನ ಆ ಓಣಿಗೆ ಬೆಳಗಾಗುತ್ತಿದ್ದುದೇ ಇಸ್ತ್ರಿ ಅಂಗಡಿಯ ರುಶ್ದಿಯ ಈ ಎರಡು ಸದ್ದುಗಳಿಂದ.

ರುಶ್ದಿ ಯಾರನ್ನೂ ಸುಮ್ಮನೆ ನಂಬಿದವನಲ್ಲ. ಹಾಲಿಗೆ ಬೆರಳದ್ದಿ ನೋಡುವನು, ರೊಟ್ಟಿಯನ್ನು ಅಂಗೈಯಲ್ಲಿ ತೂಗಿ ನೋಡುವನು. ತಂದೆ ತೀರಿಕೊಂಡ ಮೇಲೆ ತಂಗಿ ಇಹ್ಸಾನಳನ್ನು ಸಾಕಿದ್ದೂ ಹೀಗೆಯೇ, ಲೋಕವನ್ನೆಲ್ಲ ಬಾಗಿಲ ಸಂದಿಯಿಂದ ನೋಡುತ್ತ. ಈಗ ಎದುರಿನ ಗೂಡಂಗಡಿಯ ವಗ್ದಿ ಅವಳನ್ನು ಮದುವೆಗೆ ಕೇಳಿದ್ದ. ರುಶ್ದಿ ಹೂಂ ಎಂದರೆ ಶುಕ್ರವಾರ ಎರಡೂ ಮನೆಯವರು ಕೂತು, ಫಾತಿಹಾ ಪ್ರಾರ್ಥನೆ ಓದಿ ಮಾತು ಗಟ್ಟಿಮಾಡುವುದಿತ್ತು.

ಹೂಂ ಎನ್ನಲು ಅಡ್ಡ ಬಂದದ್ದು ಕರೆನ್ಸಿ ಕಾರ್ಡು.

ವಗ್ದಿಯ ಹತ್ತಿರ ಕೊಂಡ ಹತ್ತು ಪೌಂಡಿನ ಕಾರ್ಡನ್ನು ಉಗುರಿನಿಂದ ಕೆರೆದು ಫೋನಿಗೆ ಹಾಕಿದರೆ ಬರುತ್ತಿದ್ದುದು ಏಳೇ. ಉಳಿದದ್ದು ಸರ್ಕಾರದ ತೆರಿಗೆ ಎನ್ನುತ್ತಿದ್ದ ವಗ್ದಿ. ಸರ್ಕಾರಕ್ಕೆ ಬೇಕಿದ್ದರೆ ಸರ್ಕಾರವೇ ಬಂದು ಕೇಳಲಿ, ಅದರ ಮಾತನ್ನು ಇವನ ಬಾಯಿಂದ ಯಾಕೆ ಕೇಳಬೇಕು? ಬುಧವಾರ ರುಶ್ದಿ ರೈಲ್ವೆ ಸ್ಟೇಷನ್ನಿನವರೆಗೂ ನಡೆದುಹೋಗಿ ಅಲ್ಲೊಂದು ಕಾರ್ಡು ಕೊಂಡ. ಅಲ್ಲೂ ಏಳೇ.

ಗುರುವಾರ ಮಧ್ಯಾಹ್ನ ವಗ್ದಿ ತನ್ನ ಹೊಸ ನಿಲುವಂಗಿಯನ್ನು ಇಸ್ತ್ರಿಗೆ ತಂದ.

“ಸ್ಟೇಷನ್ ಹತ್ರಾನೂ ನಿನ್ನ ಪಾಲುದಾರ ಇದ್ದಾನೇನೋ?” ಎಂದ ರುಶ್ದಿ.

“ಹಂಗಾದ್ರೆ ಕೈರೋದಲ್ಲೂ ಇರಬೇಕು, ರುಶ್ದಿಯಣ್ಣ. ಅಷ್ಟು ಜನ ಪಾಲುದಾರರು ಇರೋನು ಈ ಗೂಡಲ್ಲಿ ಕೂತು ಬಿಸ್ಕತ್ತು ಮಾರ್ತಿದ್ನಾ?”

“ಮಾತು ನನ್ನ ಇಸ್ತ್ರಿಗಿಂತ ನುಣುಪಾಗಿದೆ.”

ವಗ್ದಿ ಜೇಬಿನಿಂದ ಒಂದು ಕಾರ್ಡು ತೆಗೆದು ಅವನೆದುರೇ ಕೆರೆದ. ನಂಬರು ಒತ್ತಿ, ಫೋನನ್ನು ಇಸ್ತ್ರಿ ಮೇಜಿನ ಮೇಲಿಟ್ಟ. “ನೋಡಿ. ನನ್ನ ಅಂಗಡೀದೇ ಕಾರ್ಡು, ನನ್ನದೇ ಫೋನು. ನಂಗೂ ಏಳೇ.”

ರುಶ್ದಿ ಫೋನಿನ ತೆರೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. “ಅಂದ್ರೆ ಸ್ವಂತ ಅಂಗಡೀಲೇ ಮೂರು ಕಳ್ಕೋತೀಯ. ಇಂಥೋನು ಸಂಸಾರ ಹೆಂಗೆ ತೂಗಿಸ್ತೀಯ?”

“ನಿನ್ನೆವರೆಗೂ ಕಳ್ಳ ಆಗಿದ್ದೆ, ಈಗ ದಡ್ಡ. ಎರಡ್ರಲ್ಲಿ ಒಂದು ಇಟ್ಕೊಳ್ಳಿ. ನಾಳೆಗೆ ನಮ್ಮಮ್ಮಂಗೆ ಏನು ಹೇಳ್ಲಿ?”

ರುಶ್ದಿ ಬಾಯಿಗೆ ನೀರು ತುಂಬಿಕೊಂಡ. ಉತ್ತರ ಕೊಡುವುದು ಬೇಡವೆನಿಸಿದಾಗಲೆಲ್ಲ ಅವನು ಮಾಡುತ್ತಿದ್ದ ಉಪಾಯ ಅದು.

ಅಷ್ಟರಲ್ಲಿ ಮೇಜಿನ ಮೇಲಿದ್ದ ವಗ್ದಿಯ ಫೋನು ಒಂದು ಸಲ ರಿಂಗಾಗಿ ನಿಂತಿತು. ಮತ್ತೊಂದು ಸಲ. ಇನ್ನೊಂದು ಸಲ. ವಗ್ದಿ ಎತ್ತಲಿಲ್ಲ, ಅವನ ಕಿವಿ ಕೆಂಪಾಯಿತು. ತೆರೆಯ ಮೇಲೆ ಮೂಡಿದ್ದ ನಂಬರು ರುಶ್ದಿಗೆ ಗೊತ್ತಿತ್ತು. ಇಹ್ಸಾನಳಿಗೆ ತಾನೇ ಕೊಡಿಸಿದ ನಂಬರು.

ಅವನು ನೀರನ್ನು ನುಂಗಿಬಿಟ್ಟ.

“ನಮ್ಮನೇಲಿ ಒಂದು ಮಿಸ್ಡ್ ಕಾಲ್ ಅಂದ್ರೆ ಊಟ ಆಗಿದೆ. ಎರಡು ಅಂದ್ರೆ ರೊಟ್ಟಿ ತಾ. ಮೂರು ಅಂದ್ರೆ ಏನು?”

“ಅಣ್ಣ ಒಪ್ಪಿದ್ರಾ ಅಂತ.”

“ದಿನಾ ಕೇಳ್ತಾಳಾ?”

“ದಿನಾ. ನಾನು ಒಂದು ಕೊಡ್ತೀನಿ. ಇನ್ನೂ ಇಲ್ಲ ಅಂತ.”

ಮನೆಯಲ್ಲಿ ಎದುರು ಕೂತು ಊಟ ಬಡಿಸುವಾಗ ಅವಳು ಒಂದು ದಿನವೂ ಕೇಳಿರಲಿಲ್ಲ. ರುಶ್ದಿ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ.

“ಒಪ್ಪಿದ್ರು ಅನ್ನೋಕೆ ಎಷ್ಟು?”

“ಎರಡು. ಇನ್ನೂ ಕೊಟ್ಟಿಲ್ಲ.”

“ಕೊಡು. ಅವಳು ಎತ್ತೋ ಮುಂಚೆ ಕಟ್ ಮಾಡು. ಇದ್ರಲ್ಲೂ ಸರ್ಕಾರಕ್ಕೆ ಪಾಲು ಹೋಗೋದು ಬೇಡ.”

ವಗ್ದಿ ಫೋನು ಎತ್ತಿಕೊಂಡ. ರುಶ್ದಿ ಆಗಲೇ ಓಣಿಗಿಳಿದಿದ್ದ.

“ಎಲ್ಲಿಗೆ, ರುಶ್ದಿಯಣ್ಣ?”

“ನಾಳೆ ಬರೋರಿಗೆ ಶರಬತ್ತು ತರೋಕೆ. ಬಾಟ್ಲಿ ಸೀಲು ನಾನೇ ನೋಡ್ಬೇಕು.”

“ನಾಳೆ ಎಷ್ಟೊತ್ತಿಗೆ ಬರೋದು? ಅಮ್ಮ ಕೇಳ್ತಾರೆ, ಆಮೇಲೆ ನಮ್ಮ ಸೋದರಮಾವನೂ...”

ರುಶ್ದಿ ತಿರುಗಿ ನೋಡದೆ ನಡೆದ. ಅವನ ಮನೆಯ ಮೇಲಿನ ಕಿಟಕಿಯಲ್ಲಿ ಒಂದು ಫೋನು ರಿಂಗಾಗಿ ನಿಂತಿತು, ಮತ್ತೆ ರಿಂಗಾಯಿತು.