ನಂಜಪ್ಪನ್ ನೇಯ್ದ ಹದಿನೈದು ಅಂಗಿ

ನನ್ನ ಮಾವ ನಂಜಪ್ಪನ್ ಅವರ ಹೆಸರನ್ನು ನಾನು ಮೊದಲು ಕೇಳಿದ್ದು ತಮಿಳು ಸೀಮೆಯ ಕುನ್ನತ್ತೂರಿನ ನಮ್ಮ ತವರು ಮನೆಯ ಜಗಲಿಯ ಮೇಲೆ, ರಾಟೆ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಾಗ. ಸಂಬಂಧ ಹೇಳಿಕೊಂಡು ಬಂದಿದ್ದ ಕುಪ್ಪಮ್ಮ ಎಲೆಅಡಿಕೆ ಅಗಿಯುತ್ತ ಪೋತ್ತನೂರಿನ ಆ ನೇಕಾರರ ಮನೆಯ ಸಂಗತಿಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ಎರಡು ಮಗ್ಗ, ಒಬ್ಬನೇ ಮಗ, ಹೆಸರು ಗುರುಸಾಮಿ, ಬೀಡಿ ಸೇದುವುದಿಲ್ಲ. ಎಲ್ಲ ಹೇಳಿ ಮುಗಿಸಿ ಕೊನೆಗೆ ದನಿ ತಗ್ಗಿಸಿದಳು.

"ಮಾವ ಒಬ್ಬರು ಮಾತ್ರ ಒಂದು ಥರ. ಕೆಟ್ಟವರಲ್ಲ. ಆದ್ರೆ ಭಾನುವಾರ ಬಂದ್ರೆ ಸಾಕು, ರೈಲ್ವೆ ಮೈದಾನಕ್ಕೆ ಹೋಗಿಬಿಡ್ತಾರೆ. ಅಲ್ಲಿ ರೈಲ್ವೆಯ ಬಿಳಿ ದೊರೆಗಳು ತೊಗಲಿನ ಸೋರೆಕಾಯಿ ಒಂದನ್ನ ಹಿಡ್ಕೊಂಡು ಒಬ್ಬರ ಮೇಲೊಬ್ಬರು ಬೀಳ್ತಾರಂತೆ. ಇವರು ಬಿಸಿಲಲ್ಲಿ ನಿಂತು ಅದನ್ನ ನೋಡ್ತಾರೆ."

"ಕುಡೀತಾರಾ?" ಎಂದು ನಮ್ಮವ್ವ ಕೇಳಿದಳು.

"ಕುಡಿದಿದ್ರೆ ಅರ್ಥ ಆಗೋದಲ್ಲ ಅಕ್ಕಾ! ಕುಡಿಯಲ್ಲ. ಕುಡೀದೇನೇ ನೋಡ್ತಾರೆ."

ಐವತ್ತಮೂರರ ಆವಣಿ ತಿಂಗಳಲ್ಲಿ ಮದುವೆಯಾಗಿ ನಾನು ಆ ಮನೆಗೆ ಬಂದೆ. ಮಾವ ಕುಳ್ಳಗಿನ ಆಳು. ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಕೂತು ಕೂತು ಬೆನ್ನು ಮುಂದಕ್ಕೆ ಬಾಗಿತ್ತು. ಕಿವಿಯಲ್ಲಿ ಕೆಂಪು ಕಲ್ಲಿನ ಒಂಟಿ. ಅವರು ನೇಯ್ದ ಪಂಚೆಗೆ ಎಂಥ ಹೆಸರಿತ್ತೆಂದರೆ, ಎದುರು ಮನೆಯ ಮಾರಪ್ಪನ್ ಅದನ್ನೇ ಹಿಡಿದು ರೇಗಿಸುತ್ತಿದ್ದರು: "ನಂಜಣ್ಣನ ಹತ್ರ ಪಂಚೆ ತಗೊಂಡವನು ಮತ್ತೆ ಈ ಬೀದಿಗೆ ಬರೋದೇ ಇಲ್ಲ. ಒಂದು ತಗೊಂಡ್ರೆ ಅವನ ಮಗನಿಗೂ ಆಯ್ತು. ಹೀಗೆ ನೇಯ್ದ್ರೆ ಬೀದಿ ಉದ್ಧಾರ ಆಗ್ತದಾ?" ಮಾವ ಒಳಗೊಳಗೇ ಹಿಗ್ಗುತ್ತಿದ್ದರು.

ಅವರು ನೋಡಲು ಹೋಗುತ್ತಿದ್ದ ಆಟಕ್ಕೆ ರಗ್ಬಿ ಎಂದು ಹೆಸರು. ಒಂದು ದಿನ ಮಜ್ಜಿಗೆ ಕೊಡುವಾಗ ಧೈರ್ಯ ಮಾಡಿ ಕೇಳಿದೆ, "ಮಾವ, ಆ ಆಟದಲ್ಲಿ ಅಂಥಾದ್ದೇನಿದೆ?"

ಅವರು ಮಗ್ಗದಲ್ಲಿದ್ದರು. "ಇಲ್ಲಿ ನೋಡು ಅಮ್ಮಣಿ" ಎಂದು ಲಾಳಿ ಎಸೆದರು. "ಲಾಳಿ ಎತ್ತ ಹೋಗ್ತದೆ?"

"ಆ ಪಕ್ಕಕ್ಕೆ, ಈ ಪಕ್ಕಕ್ಕೆ."

"ಮುಂದಕ್ಕೆ ಹೋಗ್ತದಾ?"

"ಇಲ್ಲ."

"ಆದ್ರೂ ಬಟ್ಟೆ ಬೆಳೀತದಲ್ಲ? ಅಷ್ಟೇ ಆಟ. ಚೆಂಡನ್ನ ಮುಂದಕ್ಕೆ ಎಸೆಯೋ ಹಾಗಿಲ್ಲ. ಪಕ್ಕದವನಿಗೆ, ಹಿಂದಿನವನಿಗೆ ಕೊಡ್ತಾ ಕೊಡ್ತಾ ಹದಿನೈದು ಜನ ಮುಂದೆ ಹೋಗ್ಬೇಕು. ದೊರೆಗಳಿಗೆ ಇದನ್ನ ಯಾವನೋ ನೇಕಾರನೇ ಹೇಳಿಕೊಟ್ಟಿರ್ಬೇಕು."

ಆ ಹೊತ್ತಿಗೆ ದೊರೆಗಳು ಒಬ್ಬೊಬ್ಬರಾಗಿ ಊರು ಬಿಟ್ಟಿದ್ದರು. ಮೈದಾನದಲ್ಲಿ ಮೇಕೆಗಳು ಮೇಯುತ್ತಿದ್ದವು. ಮಾವ ಆದರೂ ಭಾನುವಾರ ಹೋಗಿ, ಮೇಕೆಗಳನ್ನು ನೋಡಿ, ಮುಖ ಇಳಿಬಿಟ್ಟುಕೊಂಡು ಬರುತ್ತಿದ್ದರು. ಐವತ್ತನಾಲ್ಕರ ಕೊನೆಯಲ್ಲಿ ರೈಲ್ವೆ ಕೆಲಸದವರೇ ಸೇರಿ ಹೊಸದಾಗಿ ಒಂದು ತಂಡ ಕಟ್ಟಿದರು. ಫಿಟ್ಟರುಗಳು, ಇಂಜಿನ್ನಿಗೆ ಕಲ್ಲಿದ್ದಲು ಹಾಕುವವರು, ಕಾಲೊನಿಯ ಇಬ್ಬರು ಮೂವರು ಆಂಗ್ಲೋ ಇಂಡಿಯನ್ನರು. ಅವರಲ್ಲಿ ತಿರುಮಲೈಸಾಮಿ ಎಂಬ ಫಿಟ್ಟರ್ ಒಬ್ಬ, ಎಮ್ಮೆಯಂಥ ಕತ್ತು, ಓಡಿದರೆ ನೆಲ ಅದುರುತ್ತಿತ್ತು. ಅವನು ಒಂದು ದಿನ ಮನೆಗೆ ಬಂದು, ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಆನೆಮಲೆಯ ಟೀ ತೋಟದವರ ತಂಡದ ಜೊತೆ ಮೊದಲ ಆಟ ಇದೆ, ಹಾಕಿಕೊಳ್ಳಲು ಒಂದೇ ಥರದ ಅಂಗಿ ಇಲ್ಲ ಎಂದು ತಲೆ ಕೆರೆದುಕೊಂಡ. ಅವನು ಮಾತು ಮುಗಿಸುವ ಮೊದಲೇ ಮಾವ ಎದ್ದು ನೂಲು ಹುಡುಕಲು ಒಳಗೆ ಹೋಗಿದ್ದರು.

ನಲವತ್ತು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಕೆಂಪು ನೂಲು, ಎರಡೆರಡು ಎಳೆ ಸೇರಿಸಿ ಹೊಸೆದದ್ದು. ಹೊಕ್ಕಿನ ಎಳೆಯನ್ನು ಎಷ್ಟು ಬಿಗಿಯಾಗಿ ಬಡಿಯುತ್ತಿದ್ದರೆಂದರೆ ಅತ್ತೆ ರಾಮಾಯಿ, "ಇದೇನು ಆಟಕ್ಕೆ ಅಂಗಿಯಾ, ಎತ್ತಿನ ಗಾಡಿಗೆ ಹೊದಿಕೆಯಾ?" ಎಂದು ಗೊಣಗುತ್ತಿದ್ದರು.

ಬೆಳಿಗ್ಗೆ ಬೀದಿಯುದ್ದಕ್ಕೂ ಹಾಸಿನ ನೂಲು ಎಳೆದು ಕಟ್ಟಿ, ಗಂಜಿ ಬಳಿದು, ಕುಂಚದಿಂದ ತೀಡುವುದು ನಮ್ಮವರ ಪದ್ಧತಿ. ಆಗ ಬೀದಿಯ ಗಂಡಸರೆಲ್ಲ ಹೊರಗಿರುತ್ತಾರೆ. ಅಂಥ ಒಂದು ಬೆಳಿಗ್ಗೆ ಮಾರಪ್ಪನ್ ಕೆಣಕಿದರು.

"ತೋಟದವರ ಅಂಗಿ ಹಡಗಲ್ಲಿ ಬಂದದ್ದಂತೆ ನಂಜಣ್ಣಾ. ನಿನ್ನದು ನಡುಮನೆಯಿಂದ ಬಂದದ್ದು. ಅವರು ಹಿಡಿದು ಜಗ್ಗಿದ್ರೆ?"

"ಜಗ್ಗಲಿ."

"ಹರಿದ್ರೆ?"

"ಚೌಡಮ್ಮನಾಣೆ, ನನ್ನ ಬಟ್ಟೆ ಹರಿದ್ರೆ ನಾನು ಮತ್ತೆ ಲಾಳಿ ಮುಟ್ಟಲ್ಲ" ಎಂದುಬಿಟ್ಟರು ಮಾವ. ಬೀದಿಯೆಲ್ಲ ಕೇಳಿತು. ಕುಂಚಗಳು ಒಂದು ಗಳಿಗೆ ನಿಂತು ಮತ್ತೆ ಆಡಿದವು.

ದರ್ಜಿಯಿಂದ ಅಂಗಿಗಳು ಹೊಲಿದು ಬಂದದ್ದು ಆಟದ ಹಿಂದಿನ ದಿನ. ಮಾವ ಮೈದಾನಕ್ಕೆ ಸುಣ್ಣದ ಗೆರೆ ಎಳೆಸಲು ಹೋಗಿದ್ದರು. "ಒಗೆದು ಸಿದ್ಧ ಮಾಡಿಡು" ಎಂದರು ಅತ್ತೆ. ಗಂಜಿ ಕಾಣದ ಬಟ್ಟೆ ನಮ್ಮ ಮನೆಯ ಹೊಸಿಲು ದಾಟಬಾರದು. ಅದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ, ತವರಿನಲ್ಲೂ ಹಾಗೆಯೇ. ಆದರೆ ನಾನು ಹೊಸ ಸೊಸೆ, ಕೈಚಳಕ ತೋರಿಸುವ ಆಸೆ. ಒಂದು ಸಲ ಹಾಕುವ ಕಡೆ ಮೂರು ಸಲ ಹಾಕಿದೆ. ಗಟ್ಟಿ ಅಕ್ಕಿ ಗಂಜಿ. ಅದ್ದುವುದು, ಬಿಸಿಲಿಗೆ ಹಾಕುವುದು, ಮತ್ತೆ ಅದ್ದುವುದು. ಸಂಜೆ ಹೊತ್ತಿಗೆ ಅಂಗಿಗಳು ಜಗಲಿಯ ಮೇಲೆ ತಾವಾಗಿಯೇ ನಿಂತವು, ತಲೆಯಿಲ್ಲದ ಹದಿನೈದು ಆಳುಗಳ ಹಾಗೆ. ಬೀದಿಯ ಹೆಂಗಸರು ಬಂದು ಬೆರಳಲ್ಲಿ ತಟ್ಟಿ, ಮೊರದ ಹಾಗೆ ಸದ್ದು ಬರುತ್ತದಲ್ಲ ಎಂದು ಹೊಗಳಿದರು. ಮಾವ ಮರಳುವ ಮೊದಲೇ ತಿರುಮಲೈಸಾಮಿ ಗಂಟು ಕಟ್ಟಿಕೊಂಡು ಹೋಗಿಯಾಗಿತ್ತು.

ಆ ವರ್ಷ ತೈ ಅಮಾವಾಸ್ಯೆ ಭಾನುವಾರ ಬಿತ್ತು. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಹೂಡುವುದಿಲ್ಲ. ಹಿರಿಯರಿಗೆ ಎಡೆ ಇಟ್ಟು, ವಡೆ ತಿಂದು, ಇಡೀ ಬೀದಿ ಮೈದಾನಕ್ಕೆ ನಡೆಯಿತು. ಗಂಡಸರು ಗೆರೆಯ ಪಕ್ಕ ನಿಂತರು. ನಾವು ಹೆಂಗಸರು ಬೇವಿನ ಮರದ ಕೆಳಗೆ. ಕೆಂಪು ಅಂಗಿ ತೊಟ್ಟು ನಮ್ಮವರು ಇಳಿದಾಗ ಎಂಥ ಕೂಗು! ಮಾವ ಮಾತ್ರ ಕೂಗಲಿಲ್ಲ. ಕೈಕಟ್ಟಿ, ಅಂಗಿಗಳನ್ನೇ ನೋಡುತ್ತ ನಿಂತಿದ್ದರು.

ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಮೂರು ಅಂಕ. ಆಮೇಲೆ ಅದನ್ನು ಎರಡು ಕಂಬಗಳ ನಡುವಿನ ಅಡ್ಡಮರದ ಮೇಲಿಂದ ಹಾಯುವಂತೆ ಒದ್ದರೆ ಇನ್ನೆರಡು. ತೋಟದವರು ಬಂದ ಕೆಲ ಹೊತ್ತಿಗೇ ಒತ್ತಿ, ಒದ್ದು, ಐದು ಮಾಡಿಕೊಂಡರು. ನಮ್ಮವರು ಬಹಳ ಹೊತ್ತಾದ ಮೇಲೆ ಒತ್ತಿ ಮೂರು ಮಾಡಿದರು. ಒದೆತ ಕಂಬದ ಹತ್ತಿರಕ್ಕೂ ಹೋಗದೆ ಒಂದು ಮೇಕೆಗೆ ಬಡಿಯಿತು.

"ಒದೆಯೋಕೆ ಬರದವನು ಯಾಕಪ್ಪಾ ಒದೀತೀಯ?"

"ಕೈಲಿ ಎತ್ಕೊಂಡು ಹೋಗಿ ಆ ಕಡೆ ಹಾಕ್ಬಾರ್ದಾ?"

"ಹಿಂದಕ್ಕೆ ಹಿಂದಕ್ಕೆ ಕೊಡ್ತಾರಲ್ಲ, ಹೀಗೇ ಕೊಟ್ರೆ ಈರೋಡ್ ಸೇರ್ತಾರೆ!"

ಅಷ್ಟರಲ್ಲಿ ಬೆವರು ಇಳಿದಿತ್ತು. ಕೆಂಪು ಅಂಗಿಗಳ ಮೇಲೆ ಬೆಳ್ಳಗೆ ಏನೋ ನೊರೆಯಂತೆ ಬಂತು. ಒಣಗಿದ ಕಡೆ ಬಟ್ಟೆ ಹಲಗೆಯ ಹಾಗೆ ಸೆಟೆದಿತ್ತು. ಒಬ್ಬ ತೋಟದವನು ನಮ್ಮವನ ತೋಳು ಹಿಡಿದ. ಚರ್ ಎಂದು ಸದ್ದಾಯಿತು. ತೋಳು ಅವನ ಕೈಯಲ್ಲಿ.

"ನಂಜಣ್ಣಾ, ಒಂದು!" ಎಂದು ಮಾರಪ್ಪನ್ ಕೂಗಿದರು.

ಆಮೇಲೆ ಕೊರಳಪಟ್ಟಿ. "ಎರಡು!" ಬೆನ್ನು. "ಮೂರು!" ಆಟದ ಲೆಕ್ಕ ಎಲ್ಲರಿಗೂ ಮರೆತೇ ಹೋಯಿತು. ಬೀದಿಯ ಗಂಡಸರೆಲ್ಲ ಅಂಗಿಗಳನ್ನು ಎಣಿಸತೊಡಗಿದರು. ನಮ್ಮವರು ಹೋಗಿ ಬಿದ್ದರೂ ಎದ್ದರೂ ನಗು. ಮಾವನ ಕತ್ತು ಕೆಂಪೇರಿತ್ತು. ಕುಣಿಮಗ್ಗದಲ್ಲಿ ನಲವತ್ತು ದಿನ ಬಡಿದ ಬಟ್ಟೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಇನ್ನೇನು ಮುಗಿಯಿತು ಅನ್ನುವಾಗ ಚೆಂಡು ತಿರುಮಲೈಸಾಮಿಯ ಕೈಗೆ ಬಂತು. ಅವನು ಓಡಿದ. ಹಿಂದಿನಿಂದ ಒಬ್ಬ ಆಜಾನುಬಾಹು ತೋಟದವನು ಅಂಗಿಯ ಬೆನ್ನನ್ನು ಮುಷ್ಟಿ ತುಂಬ ಹಿಡಿದ. ಗಟ್ಟಿ ಬಟ್ಟೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಂಗಿ ಕೊರಳಿಂದ ಅಂಚಿನವರೆಗೆ ಸೀಳಿತು. ಅವನು ಬಟ್ಟೆ ಹಿಡಿದುಕೊಂಡು ಹಿಂದಕ್ಕೆ ಬಿದ್ದ. ತಿರುಮಲೈಸಾಮಿ ಎರಡು ತೋಳು ಮಾತ್ರ ತೊಟ್ಟುಕೊಂಡು ಗೆರೆ ದಾಟಿ ಚೆಂಡಿನ ಮೇಲೆ ಬಿದ್ದ. ಆಮೇಲಿನ ಒದೆತ ಮತ್ತೆ ಎಲ್ಲಿಗೋ ಹೋಯಿತು. ಪೀಪಿ ಊದಿದರು.

ನಮ್ಮ ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಗೆದ್ವಾ?"

"ಗೆದ್ವಂತೆ. ಆರು, ಐದು."

"ಎರಡು ಸಲ ಒತ್ತಿ ನಾವು ಆರು, ಒಂದೇ ಸಲ ಒತ್ತಿ ಅವರು ಐದಾ? ಇದ್ಯಾವ ಊರಿನ ಲೆಕ್ಕ?"

"ಒಂದೇ ಒಂದರಲ್ಲಿ ಗೆಲ್ಲೋಕೆ ವಡೆ ಬಿಟ್ಟು ಬಂದ್ನಾ ನಾನು?"

"ನಾವು ಗೆದ್ದದ್ದೆಲ್ಲಿ? ಚಿಂದಿ ಗೆದ್ದದ್ದು!" ಎಂದರು ಮಾರಪ್ಪನ್. ಎಲ್ಲರೂ ಹೋ ಎಂದು ನಕ್ಕರು.

ತಿರುಮಲೈಸಾಮಿ ಓಡಿಬಂದು, ಮಣ್ಣು ಮೈಯಲ್ಲೇ ಮಾವನ ಕಾಲಿಗೆ ಬಿದ್ದು, "ಅಯ್ಯಾ, ಉಂಗ ತುಣಿ ದಾನ್ ಜೆಯಿಚ್ಚುದು!" ಎಂದ. ತಮಿಳಿನಲ್ಲಿ, ನಿಮ್ಮ ಬಟ್ಟೆಯೇ ಗೆದ್ದದ್ದು ಅಂತ. ಪಾಪ, ಮನಸ್ಸು ತುಂಬಿ ಹೇಳಿದ್ದ. ಉಳಿದವರು ಸೀಳಿದ ಅಂಗಿಯನ್ನು ಮಾಲೆಯ ಹಾಗೆ ಮಾವನ ಕೊರಳಿಗೆ ಹಾಕಿದರು. ಅವರು ಅದನ್ನು ತೆಗೆದು, ಸೀಳಿದ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರು. ಬೆರಳನ್ನು ನಾಲಿಗೆಗೆ ಮುಟ್ಟಿಸಿದರು. ಆಮೇಲೆ ತಲೆಯೆತ್ತಿ ಬೇವಿನ ಮರದ ಕಡೆ ಒಮ್ಮೆ ನೋಡಿದರು. ಅತ್ತೆಯನ್ನು ಹುಡುಕುತ್ತಿದ್ದಾರೆ ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ಬೀದಿಯಲ್ಲೆಲ್ಲ ಮಗ್ಗದ ಸದ್ದು, ನಮ್ಮ ಮನೆಯಲ್ಲಿ ಒಂದೇ ಮಗ್ಗದ್ದು. ಮಾವ ಜಗಲಿಯಲ್ಲಿ ಕೂತಿದ್ದರು. "ಆಟದ ಮಾತಿಗೆಲ್ಲ ಆಣೆ ಅಂತಾರಾ? ಹೋಗಿ ಕೂತ್ಕೋಳಿ" ಎಂದರು ಅತ್ತೆ. ಮಾವ ಏಳಲಿಲ್ಲ. ಕೇಳಿದವರಿಗೆಲ್ಲ, ಗಿರಣಿ ನೂಲು ಕೆಟ್ಟದ್ದು, ಆರಿಸುವಾಗ ನನ್ನ ಕಣ್ಣು ಮೋಸ ಹೋಯಿತು ಎಂದರು.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಆ ತಂಡದವರು. ಮೂರನೆಯ ದಿನ ಸಿಹಿ ತಗೊಂಡು ಬಂದು, ಮುಂದಿನ ಆಟಕ್ಕೂ ಇದೇ ಬಟ್ಟೆ ಬೇಕು, ಹಿಡಿದರೆ ಕೈಗೆ ಬರುವಂಥದ್ದು, ಎಂದರು! ಮಾವ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ತಂಡದವರು ಕೆಂಪು ಬಟ್ಟೆಯ ಬದಲು ಬೇರೆಲ್ಲೋ ಬನಿಯನ್ನುಗಳನ್ನು ಕೊಂಡರು. ಆಮೇಲೆ ಒಂದು ಆಟವನ್ನೂ ಗೆಲ್ಲಲಿಲ್ಲ. ಎರಡು ವರ್ಷದಲ್ಲಿ ಮೈದಾನ ಮತ್ತೆ ಮೇಕೆಗಳಿಗೇ ಆಯಿತು.

ಆಟ ಮುಗಿದ ವಾರದಲ್ಲೇ ನಾನು ಒಂದು ಕೆಲಸ ಮಾಡಿದ್ದೆ. ಅಂಗಿಗೆ ಕತ್ತರಿಸಿ ಉಳಿದ ನಾಲ್ಕು ಮೊಳದ ಕೆಂಪು ತುಂಡು ಪೆಟ್ಟಿಗೆಯಲ್ಲಿತ್ತು. ನನ್ನ ಗಂಜಿ ಕಾಣದ್ದು. ಅದರ ಒಂದು ತುದಿ ಗಂಡನ ಕೈಗೆ ಕೊಟ್ಟು, ಇನ್ನೊಂದು ತುದಿ ನಾನು ಹಿಡಿದು, ಕಾಲು ಊರಿ ಜಗ್ಗಿದೆ. ಗಂಡ ಮುಗ್ಗರಿಸಿದರು, ಬಟ್ಟೆಯ ಒಂದು ಎಳೆಯೂ ಜರುಗಲಿಲ್ಲ. ಅಂಗಿ ಮುರಿದದ್ದು ನನ್ನ ಗಂಜಿಯಿಂದ ಎಂದು ಅಳುತ್ತ ಹೋಗಿ ಅತ್ತೆಗೆ ಹೇಳಿದೆ.

ಅವರು ಎದ್ದು ಹೋಗಿ ಬಾಗಿಲು ಮುಂದೂಡಿ ಬಂದರು. "ಬಾಯಿ ಬಿಡಬೇಡ ಅಮ್ಮಣಿ. ಈಗ ಹೇಳಿದ್ರೆ ಬೀದಿಯವರು ಏನಂತಾರೆ? ಆಣೆ ತಪ್ಪಿಸ್ಕೊಳ್ಳೋಕೆ ನಂಜಪ್ಪನ್ ಸೊಸೆ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡ ಅಂತಾರೆ. ಆ ಮನುಷ್ಯ ಅದನ್ನ ತಡೀತಾನಾ?"

ಸುಮ್ಮನಾದೆ. ಆ ಮೌನ ನನ್ನನ್ನು ಸುಮಾರು ಐದು ವರ್ಷ ತಿಂದಿತು. ಮಾವ ಬೇರೆಯವರ ಮನೆಗೆ ಹಾಸು ಕಟ್ಟಿಕೊಟ್ಟರು, ನೂಲಿಗೆ ಬಣ್ಣ ಹಾಕಿಕೊಟ್ಟರು. ಬೀದಿಯಲ್ಲಿ ಯಾರ ಮಗ್ಗ ಕೆಟ್ಟರೂ ಕುಣಿಗೆ ಇಳಿದು ಸರಿ ಮಾಡಿ, ಲಾಳಿಯನ್ನು ಮಾತ್ರ ಮುಟ್ಟದೆ ಮೇಲೆ ಬರುತ್ತಿದ್ದರು. ಮಾರಪ್ಪನ್ ತಾವೇ ಬಂದು, "ನಾನು ತಮಾಷೆಗೆ ಎಣಿಸಿದ್ದು ನಂಜಣ್ಣಾ, ಸಾಕು ಮಾಡು, ಬಾ" ಎಂದು ಕೈ ಹಿಡಿದು ಕರೆದರೂ ಬರಲಿಲ್ಲ. ಎಷ್ಟೋ ಸಲ ನನಗೆ ಸಿಟ್ಟು ಬರುತ್ತಿತ್ತು. ಬೈದುಬಿಡಬಾರದೇ ಯಾರನ್ನಾದರೂ? ಒಂದು ಸಲ ತಟ್ಟೆ ಎಸೆಯಬಾರದೇ? ಊಟಕ್ಕೆ ಬಡಿಸುವಾಗಲೆಲ್ಲ ಹೇಳಿಬಿಡೋಣ ಎಂದು ಬಾಯಿ ತೆರೆಯುತ್ತಿದ್ದೆ. ಅವರು, "ಸಾರು ಚೆನ್ನಾಗಿದೆ ಅಮ್ಮಣಿ" ಎಂದು ಎದ್ದುಬಿಡುತ್ತಿದ್ದರು.

ಐವತ್ತೊಂಬತ್ತರ ಮಾರ್ಗಳಿ ತಿಂಗಳ ಚಳಿಯಲ್ಲಿ ಅವರಿಗೆ ಎದೆ ಕಟ್ಟಿತು. ಹನ್ನೆರಡು ದಿನ ಮಲಗಿದ್ದರು. ಕೊನೆಯ ದಿನ ಮಧ್ಯಾಹ್ನ ಅತ್ತೆ ಕಷಾಯ ಕಾಯಿಸಲು ಒಳಗೆ ಹೋಗಿದ್ದರು. ಗಂಡ ಮಗ್ಗದಲ್ಲಿದ್ದರು. ಮಾವ ಆ ಸದ್ದನ್ನೇ ಕೇಳುತ್ತ ಕಣ್ಣು ಮುಚ್ಚಿದ್ದರು. ನಾನು ಪಾದ ಒತ್ತುತ್ತಿದ್ದೆ.

"ಪೆಟ್ಟಿಗೆಯಲ್ಲಿ ಕೆಂಪು ತುಂಡು ಇನ್ನೂ ಇದೆಯಾ?" ಎಂದರು.

"ಇದೆ ಮಾವ."

"ಅಂಗಡಿ ಬಟ್ಟೆ ತರೋದು ಬೇಡ ಅಂತ ಗುರುಸಾಮಿಗೆ ಹೇಳು. ಹೋಗುವಾಗ ನಂಗೆ ಅದನ್ನೇ ಹೊದಿಸಿ."

ನಾನು ಹೂಂ ಎಂದೆ. ಅವರು ಉಸಿರು ಎಳೆದುಕೊಂಡು, ಕಣ್ಣು ತೆರೆದು, ಸಾರು ಚೆನ್ನಾಗಿದೆ ಅನ್ನುವಾಗಿನ ಅದೇ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದರು.

"ಗಂಜಿ ಮಾತ್ರ ಹಾಕಬೇಡ, ಅಮ್ಮಣಿ."